ಶಸ್ತ್ರಚಿಕಿತ್ಸೆಯೂ ವೃದ್ಧರ ಬುದ್ಧಿಸ್ವಾಸ್ಥ್ಯವೂ



ಹುದಿಕೇರಿಯ ಆಸುಪಾಸಿನ ಒಂದು ಐನ್‌ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಕಕ್ಕಡ ಮಾಸದ ಮಳೆ ಬಿಡದೆ ಸುರಿಯುತ್ತಿದೆ, ಅಂಗಳವೆಲ್ಲ ಪಾಚಿಗಟ್ಟಿದೆ. ಎಂಬತ್ತು ವರ್ಷದ ಅಜ್ಜಿಯವರು ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿಯಿತು. ಶಸ್ತ್ರಚಿಕಿತ್ಸೆ ಬೇಗನೆ ಆಗಬೇಕೆಂದು ವೈದ್ಯರು ಹೇಳುತ್ತಾರೆ. ಮನೆಯವರಾದರೋ, "ಅರಿವಳಿಕೆ ಕೊಟ್ಟರೆ ಈ ವಯಸ್ಸಿನಲ್ಲಿ ಬುದ್ಧಿ ಕೆಟ್ಟೀತು" ಎಂದು ಹಿಂಜರಿಯುತ್ತಾರೆ. ಈ ಭಯಕ್ಕೆ ಆಧಾರವುಂಟೆ?

ಉಂಟು. 1955ರಲ್ಲಿಯೇ ಬೆಡ್‌ಫರ್ಡ್ ಎಂಬ ವೈದ್ಯರು ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ವಿಷಯವಾಗಿ ಬರೆದರು. 1998ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಕೂಡಿ, ಹೃದಯದ್ದಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ, ಅರುವತ್ತು ಮೀರಿದ ಸುಮಾರು 1,200 ಮಂದಿಯ ನೆನಪನ್ನೂ ಗಮನವನ್ನೂ ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಒಂದು ವಾರದ ಬಳಿಕ ನೂರಕ್ಕೆ ಸುಮಾರು 26 ಮಂದಿಯಲ್ಲಿ ಕುಂದು ಕಂಡಿತು. ಮೂರು ತಿಂಗಳಿಗೆ ಅದು ಸುಮಾರು 10ಕ್ಕೆ ಇಳಿಯಿತು. ಎಂದರೆ, ಬಹುಮಂದಿ ಚೇತರಿಸಿಕೊಳ್ಳುವರು. ಕೆಲವರಲ್ಲಿ ಮಾತ್ರ ಅದು ಉಳಿಯುವುದು.

ಇದಲ್ಲದೆ, ಮೊದಲ ಕೆಲವು ದಿನಗಳಲ್ಲಿ 'ಡಿಲಿರಿಯಂ' ಎಂಬ ಚಿತ್ತವಿಭ್ರಮ ತೋರಬಹುದು. ಹಗಲು ಸರಿಯಾಗಿದ್ದವರು ಸಂಜೆಗೆ ಮಕ್ಕಳ ಗುರುತು ಹಿಡಿಯರು. ಕೆಲವರು ಕೂಗಾಡುವರು, ಕೆಲವರು ಮೌನವಾಗಿ ಮಂಕು ಹಿಡಿದು ಮಲಗಿರುವರು. ಈ ಎರಡನೆಯವರ ಕಷ್ಟ ಯಾರ ಕಣ್ಣಿಗೂ ಬೀಳದೆ ಹೋಗುವುದೇ ಹೆಚ್ಚು. ಇದು ಹುಚ್ಚಲ್ಲ, ಗಾಳಿಯ ಸೋಂಕೂ ಅಲ್ಲ.

ಅರಿವಳಿಕೆಯೊಂದನ್ನೇ ದೂರುವುದೂ ಸಲ್ಲದು. ನೋವು, ಸೋಂಕು, ನಿದ್ರಾಭಂಗ, ನೀರಿನ ಕೊರತೆ, ಗಾಯದಿಂದ ದೇಹದಲ್ಲೇಳುವ ಉರಿಯೂತ, ಕೆಲವು ಔಷಧಗಳು, ಇವೆಲ್ಲವೂ ಕಾರಣಗಳು. ಸೊಂಟ ಮುರಿದ ವೃದ್ಧರಿಗೆ ಪೂರ್ಣ ಅರಿವಳಿಕೆಯ ಬದಲು ಬೆನ್ನಿಗೆ ಚುಚ್ಚುಮದ್ದು ಕೊಟ್ಟರೂ ಡಿಲಿರಿಯಂ ಕಡಮೆಯಾಗಲಿಲ್ಲವೆಂದು 2021ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು ತೋರಿಸಿದವು. ಇತ್ತ ಭಯದಿಂದ ಶಸ್ತ್ರಚಿಕಿತ್ಸೆಯನ್ನೇ ಬಿಟ್ಟರೆ, ಮುರಿದ ಎಲುಬಿನ ನೋವು, ಹಾಸಿಗೆಹುಣ್ಣು, ನ್ಯುಮೋನಿಯಾಗಳು ಪ್ರಾಣಕ್ಕೂ ಬುದ್ಧಿಗೂ ಹೆಚ್ಚಿನ ಕೇಡು ತರುವುವು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲೇ ಮರೆವು ಇದ್ದರೆ, ನಿದ್ದೆಯ ಗುಳಿಗೆಯ ರೂಢಿಯಿದ್ದರೆ, ದಿನವೂ ಮದ್ಯಸೇವನೆಯಿದ್ದರೆ, ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ರೂಢಿಯ ಮದ್ಯ ಥಟ್ಟನೆ ನಿಂತರೂ ವಿಭ್ರಮವುಂಟಾಗುವುದು. ಎಚ್ಚರವಾದ ಕೂಡಲೇ ಕನ್ನಡಕವನ್ನೂ ಶ್ರವಣಯಂತ್ರವನ್ನೂ ಮರಳಿ ಕೊಡಬೇಕು. ಹಗಲು ಬೆಳಕು, ಇರುಳು ಕತ್ತಲೆ ಮತ್ತು ನಿದ್ದೆ, ವೈದ್ಯರು ಒಪ್ಪಿದೊಡನೆ ನೀರು, ಆಹಾರ, ನಾಲ್ಕು ಹೆಜ್ಜೆಯ ನಡಿಗೆ, ಇವನ್ನು ಒದಗಿಸಬೇಕು. ಮಡಿಕೇರಿಗೋ ಮೈಸೂರಿಗೋ ಕರೆದೊಯ್ದಾಗ, ಅಲ್ಲಿನ ದಾದಿಯರಿಗೆ ಕೊಡವ ತಕ್ಕ್ ಬಾರದಿರಬಹುದು. ಆದುದರಿಂದ ಮನೆಯವರೊಬ್ಬರು ಬಳಿಯಲ್ಲಿದ್ದು, ಇಂದು ಯಾವ ದಿನ, ಇದು ಯಾವ ಊರು ಎಂಬುದನ್ನು ಅವರ ನುಡಿಯಲ್ಲಿಯೇ ಮೆಲ್ಲಗೆ ತಿಳಿಸುತ್ತಿರಬೇಕು. ಮಾತು ತಪ್ಪಿದರೆ ವಾದಿಸದೆ, ಆ ಗಳಿಗೆಯಲ್ಲಿಯೇ ವೈದ್ಯರನ್ನು ಕರೆಯಬೇಕು.

ಎಲುಬನ್ನು ಕೂಡಿಸುವುದು ಶಸ್ತ್ರವೈದ್ಯರ ಕೆಲಸ. ಬುದ್ಧಿಯನ್ನು ಕಾಯುವುದರಲ್ಲಿ ಹಾಸಿಗೆಯ ಬಳಿ ಕುಳಿತವರಿಗೂ ಪಾಲುಂಟು.