ಕಾರ್ಡಿನ ಹಿಂದೆ ಒಂದು ವೋಚರ್

ಕುಂಬಾರಕೊಪ್ಪಲಿನ ನಮ್ಮ ಮನೆ ಮಹಡಿ ರೂಮಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ, ಮೇಜಿನ ಮೇಲೆ ಆಡೋ ಯುದ್ಧ.

ದಸರಾ ಗೊಂಬೆ ಸಾಲಲ್ಲಿ ಪುಟ್ಟ ಸಿಪಾಯಿಗಳನ್ನ ನಿಲ್ಲಿಸ್ತೀವಲ್ಲ, ಹಾಗೇ 28 ಮಿಲಿಮೀಟರ್ ಎತ್ತರದ ಗೊಂಬೆಗಳಿಗೆ ಬಣ್ಣ ಹಚ್ಚಿ, ಹಳೇ ಯುದ್ಧಗಳನ್ನ ದಾಳ ಹಾಕಿ ಆಡೋ ಹವ್ಯಾಸ ಇದು. ಒಂದೊಂದು ತುಕಡಿಗೂ ಒಂದು ಕಾರ್ಡ್ ಇರುತ್ತೆ. ಅದರಲ್ಲಿ ಮೂರು ಅಂಕಿ: ನಡಿಗೆ ಎಷ್ಟು ಇಂಚು, ಏಟಿಗೆ ಎಷ್ಟು ದಾಳ, ಎದೆಗಾರಿಕೆ ಎಷ್ಟು.

ನಾನು ಹೈದರಾಲಿಯ ಮೈಸೂರು ಸೈನ್ಯ ಕಟ್ಟಿದೆ. ನನಗೆ ಸಿಕ್ಕ ರೆಡಿಮೇಡ್ ಕಾರ್ಡಲ್ಲಿ ನಮ್ಮೋರಿಗೆ ಎಲ್ಲಾದಕ್ಕೂ ಕಡಿಮೆ ಅಂಕಿ. ಸಿಟ್ಟು ಬಂತು. ನಾನೇ ಕಾರ್ಡ್ ಮಾಡಿದೆ, ಎಲ್ಲಾದಕ್ಕೂ 6 ಕೊಟ್ಟೆ. ಆಡಿದ್ದೆಲ್ಲಾ ಗೆದ್ದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಕೇಳ್ದ: "ಮಾಮ, ನಾವು ಸೋಲೋದೇ ಇಲ್ವಾ? ಹಂಗಾದ್ರೆ ಶ್ರೀರಂಗಪಟ್ಟಣದ ಕೋಟೆ ಗೋಡೆ ಯಾಕೆ ಒಡೆದೋಗಿದೆ?"

ನನ್ನ ಹತ್ರ ಉತ್ತರ ಇರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೈಲಿಯ ಪಡೆಯನ್ನ ಮುಗಿಸಿದ್ದು ನಿಜ. ದರಿಯಾ ದೌಲತ್ ಗೋಡೆ ಮೇಲೆ ಆ ಚಿತ್ರ ಇವತ್ತಿಗೂ ಇದೆ. ಆದರೆ ಅದೇ ಹೈದರ್ 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಐರ್ ಕೂಟ್ ಎದುರು ಸೋತ. ನನ್ನ ಕಾರ್ಡ್ ಹಿಡಿದು ಆಡಿದರೆ ಆ ಸೋಲು ಆಗೋದೇ ಇಲ್ಲ. ಅಂದ್ರೆ ಕಾರ್ಡೇ ಸುಳ್ಳು.

ನಾನು ಓದಿದ್ದು ಬಿ.ಕಾಂ. ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಅಂತ ಅಲ್ಲಿ ಕಲಿಸ್ತಾರೆ. ಅದನ್ನೇ ಇಲ್ಲಿ ತಂದೆ. ಕಾರ್ಡಿನ ಮುಂದೆ ಅಂಕಿ, ಹಿಂದೆ ಆ ಅಂಕಿ ಯಾಕೆ ಅನ್ನೋ ಕಾರಣ.

ರಾಕೆಟ್ ತಗೊಳ್ಳಿ. ಕಬ್ಬಿಣದ ಕೊಳವೆ, ಅದಕ್ಕೇ ದೂರ ಹೋಗ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಒಂದು ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಆದರೆ ಗುರಿ ನೆಟ್ಟಗಿರಲಿಲ್ಲ. ಪೊಲ್ಲಿಲೂರಿನಲ್ಲಿ ಬೈಲಿಯ ಮದ್ದಿನ ಗಾಡಿ ಸಿಡಿದದ್ದು ರಾಕೆಟ್‌ನಿಂದ ಅಂತ ಕೆಲವರು, ಫಿರಂಗಿಯಿಂದ ಅಂತ ಕೆಲವರು ಬರೀತಾರೆ. ಹಾಗಾಗಿ ನನ್ನ ಕಾರ್ಡಲ್ಲಿ ದೂರ ಜಾಸ್ತಿ, ಗುರಿ ಕಡಿಮೆ. ದಾಳದಲ್ಲಿ 6 ಬಿದ್ದರೆ ಎದುರಾಳಿ ಕುದುರೆ ಬೆದರಿ ಚದುರುತ್ತೆ. 1 ಬಿದ್ದರೆ ನಮ್ಮ ಕಡೆಗೇ ತಿರುಗುತ್ತೆ!

ನನಗೆ ತುಂಬಾ ಇಷ್ಟವಾದ ಕಾರ್ಡ್ ಯಾವುದು ಗೊತ್ತಾ? ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ತಲುಪಿದ ಅಂತ ಹೇಳ್ತಾರೆ. ಅಲ್ಲಿಗೆ ನಡಿಗೆಗೆ ಮಾತ್ರ 6 ಕೊಟ್ಟೆ. ಎತ್ತು ಗುಂಡು ಹಾರಿಸಲ್ಲ, ಫಿರಂಗಿಯನ್ನ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೆ.

ನೀವೂ ಮಾಡಬಹುದು. ಒಂದು ಎ4 ದಪ್ಪ ಹಾಳೆಯಲ್ಲಿ ನಾಲ್ಕು ಕಾರ್ಡ್, ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್, ಮೇಲೊಂದು ಲ್ಯಾಮಿನೇಷನ್. ಎದುರಾಳಿ ಕಾರ್ಡನ್ನೂ ನೀವೇ ಮಾಡಿ, ಅಷ್ಟೇ ನ್ಯಾಯವಾಗಿ.

ಹೋದ ಭಾನುವಾರ ಹೊಸ ಕಾರ್ಡಲ್ಲಿ ಪೋರ್ಟೊ ನೋವೊ ಆಡಿದೆ. ಸೋತೆ. ಅಕ್ಕನ ಮಗ ಕಾರ್ಡ್ ತಿರುಗಿಸಿ ಹಿಂದಿನದ್ದನ್ನ ಓದ್ತಾ ಕೂತಿದ್ದ. ಮುಂದಿನ ವಾರ ಸಿಗೋಣ.