ಚಿತ್ರಪುಸ್ತಕವೂ ಮಕ್ಕಳ ಸಾಧನೆಯೂ



ಬಸವಕಲ್ಯಾಣ ಹುಮನಾಬಾದುಗಳ ಮನೆಮನೆಯಲ್ಲಿಯೂ ಶರಣರ ಪಟಗಳುಂಟು. ಪಟದಲ್ಲಿ ಕಾಣುವುದು ಪ್ರಭಾವಳಿಯೇ ಹೊರತು ಅಭ್ಯಾಸವಲ್ಲ. ಅದನ್ನು ನೋಡಿದ ಬಾಲಕನು, ದೊಡ್ಡವರು ದೊಡ್ಡವರಾಗಿಯೇ ಹುಟ್ಟುವರೆಂದು ಬಗೆದು, ಲೆಕ್ಕ ತಪ್ಪಿದೊಡನೆ ಪಾಟಿಯನ್ನು ಕೆಳಗಿಡುವನು. ಚಿತ್ರಪುಸ್ತಕದ ಪ್ರಯೋಜನವಿರುವುದು ಇಲ್ಲಿಯೇ: ಅದರಲ್ಲಿ ಪುಟ ತಿರುವಬಹುದು.

ಮೋಳಿಗೆಯ ಮಾರಯ್ಯನವರ ಕಥೆಯನ್ನೇ ತೆಗೆದುಕೊಳ್ಳಿರಿ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತರೆಂಬುದು ಪರಂಪರೆ. ಹುಮನಾಬಾದ ತಾಲೂಕಿನ ಮೋಳಕೇರಾದಲ್ಲಿ ಅವರ ಸ್ಮರಣೆ ಇಂದಿಗೂ ಉಂಟು. ಚಿತ್ರಕಾರನು ಬರೆಯಬೇಕಾದುದು ಮೊದಲ ದಿನದ ಹೊರೆಯನ್ನು: ಬಿಚ್ಚಿ ಚೆಲ್ಲಿದ ಕಟ್ಟು, ಗುಳ್ಳೆಯೆದ್ದ ಅಂಗೈ. ಪುರಾಣದಲ್ಲಿ ಇದೆಲ್ಲಿದೆಯೆಂದು ಆಕ್ಷೇಪಿಸುವವರಿಗೆ ಒಂದೇ ಪ್ರಶ್ನೆ: ಅರಮನೆಯಲ್ಲಿ ಬಾಳಿದವರಿಗೆ ಹೊರೆ ಕಟ್ಟುವುದು ಮೊದಲ ದಿನವೇ ಬಂದೀತೆ? ಉಪಾಧ್ಯಾಯನು ಆ ಪುಟದಲ್ಲಿಯೇ ನಿಂತು, "ನಾಳೆ ಇವರು ಏನು ಮಾಡಿಯಾರು?" ಎಂದು ಕೇಳಬೇಕು. ಗಂಟು ಬಿಗಿದಾರು, ಹೊರೆ ಕಿರಿದು ಮಾಡಿಯಾರು, ನೆರೆಯವರನ್ನು ಕೇಳಿಯಾರು ಎಂದು ಮಕ್ಕಳೇ ಹೇಳುವರು.

ಅಮೆರಿಕೆಯ ಮ್ಯುಲರ್, ಡ್ವೆಕ್ ಎಂಬ ವಿದುಷಿಯರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೆ ಕುಗ್ಗಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಹಿಡಿದ ಕೆಲಸವನ್ನು ಬಿಡಲಿಲ್ಲ. ಆದರೆ ಬರಿಯ ಹೊಗಳಿಕೆ ಸಾಲದು. ತಪ್ಪಿದ್ದೆಲ್ಲಿ ಎಂಬುದನ್ನೂ ತೋರಿಸಬೇಕು. ಗರಡಿಯ ವಸ್ತಾದರಿಗೆ ಇದು ತಿಳಿಯದ ಮಾತಲ್ಲ. ಜಾತ್ರೆಯ ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಬಂದ ಹುಡುಗನಿಗೆ ಗೆದ್ದ ಜಟ್ಟಿಯ ಚಿತ್ರವನ್ನು ತೋರಿಸಿ ಫಲವೇನು? ಪಟ್ಟು ತಪ್ಪಿದ ಗಳಿಗೆಯ ಚಿತ್ರವನ್ನು ತೋರಿಸಿರಿ. ಅದನ್ನು ಅವನ ಕೈಯಿಂದಲೇ ಬರೆಯಿಸಿದರೆ ಇನ್ನೂ ಲೇಸು. ಕಾಲು ಎಲ್ಲಿ ಜಾರಿತೆಂಬುದನ್ನು ಅವನೇ ಬಲ್ಲನು.