ದೂರದ ಪ್ರಯಾಣ ಮತ್ತು ಕಾಲಿನ ಬಾವು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕಾಲಿನ ಬಾವಿನ ಮಾತೇಕೆಂದು ತಾವು ಕೇಳಬಹುದು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಸೀಮೆಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಕನ್ನಡ ರಾಜ್ಯವನ್ನು ಸೇರಿದವು. ಗಡಿ ಬದಲಾಯಿತು, ಓಡಾಟ ನಿಲ್ಲಲಿಲ್ಲ. ಆ ಕಡೆಯವರು ಚಿಕಿತ್ಸೆಗೆಂದು ಇಂದಿಗೂ ಈ ನಗರಕ್ಕೆ ಬರುತ್ತಾರೆ. ಇಲ್ಲಿರುವ ನಾವು ಹಬ್ಬಕ್ಕೆ, ಮದುವೆಗೆ, ಬಾಣಂತನಕ್ಕೆ ಊರಿಗೆ ಹೋಗುತ್ತೇವೆ. ಆದುದರಿಂದ ಈ ವಿಷಯ ನಮ್ಮೆಲ್ಲರದು. ನಾವು ವೈದ್ಯರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಬಲ್ಲವರಿಂದ ತಿಳಿದುದನ್ನು ತಮ್ಮ ಮುಂದಿಡುತ್ತೇವೆ.

ಕಾಚಿಗುಡದಿಂದ ಯಶವಂತಪುರಕ್ಕೆ 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲಿನಲ್ಲಿ ಸುಮಾರು ಎಂಟೂವರೆ ಗಂಟೆ ಕುರ್ಚಿಯ ಪ್ರಯಾಣ. ರಾತ್ರಿ ಬಸ್ಸಿನಲ್ಲಿ ಕೂತು ಹೋಗುವವರ ಪಾಡೂ ಅದೇ. ಕಾಲಿನ ರಕ್ತವು ಮೇಲೇರಿ ಹೃದಯವನ್ನು ಸೇರಲು ಮೀನಖಂಡದ ಸ್ನಾಯು ಅದನ್ನು ಹಿಂಡಿ ನೂಕಬೇಕು. ಕಾಲು ಆಡದಿದ್ದರೆ ಆ ಕೆಲಸ ಕುಂದುತ್ತದೆ. ಪಾದದಲ್ಲಿ ನೀರಿಳಿದು ಚಪ್ಪಲಿ ಬಿಗಿಯಾಗುತ್ತದೆ. ಎರಡೂ ಕಾಲು ಸಮನಾಗಿ ಬಾತು, ನಡೆದಾಡಿ, ಕಾಲನ್ನು ಎತ್ತರಕ್ಕಿಟ್ಟು ಮಲಗಿದ ಮೇಲೆ ಒಂದೆರಡು ದಿನದಲ್ಲಿ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ.

ಭಯವಿರುವುದು ರಕ್ತ ಹೆಪ್ಪುಗಟ್ಟುವುದರಲ್ಲಿ. ಕಾಲಿನ ಒಳನಾಳದಲ್ಲಿ ಕಟ್ಟಿದ ಹೆಪ್ಪಿನ ತುಣುಕೊಂದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಇದು ವಿಮಾನ ಹತ್ತುವವರ ಕಾಯಿಲೆ ಮಾತ್ರವೆಂದು ತಿಳಿಯಬಾರದು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಮಡಚುಕುರ್ಚಿಯಲ್ಲಿ ಕೂತವರು ಹೀಗೆ ಸತ್ತುದನ್ನು ವೈದ್ಯ ಕೀತ್ ಸಿಂಪ್ಸನ್ ಗುರುತಿಸಿದರು. ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತರೆ, ವಾಹನ ಯಾವುದೇ ಇರಲಿ, ಅಪಾಯ ಸುಮಾರು ಎರಡರಷ್ಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಹಾಗಾದರೂ ಆರೋಗ್ಯವಂತರಲ್ಲಿ ಅದು ಸುಮಾರು 6000 ಮಂದಿಗೆ ಒಬ್ಬರಿಗೆ.

ಹೆಚ್ಚು ಎಚ್ಚರ ಬೇಕಾದವರು ಯಾರು? ಗರ್ಭಿಣಿಯರು, ಹೆರಿಗೆಯಾಗಿ ಆರು ವಾರ ಕಳೆಯದ ಬಾಣಂತಿಯರು, ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು. ನೋಡಿ, ಈ ನಗರದಿಂದ ಊರಿನ ಬಸ್ಸು ಹತ್ತುವವರಲ್ಲಿ ಇಂಥವರೇ ಎಷ್ಟೋ ಮಂದಿ! ಆಸ್ಪತ್ರೆಯಿಂದ ಬಿಟ್ಟೊಡನೆ ಟಿಕೆಟ್ಟು ತೆಗೆಸುವ ಮೊದಲು, ಎಷ್ಟು ದಿನ ತಡೆಯಬೇಕು, ದಾರಿಗೆ ಔಷಧ ಬೇಕೆ, ಬಿಗಿ ಕಾಲುಚೀಲ ಬೇಕೆ ಎಂದು ವೈದ್ಯರನ್ನೇ ಕೇಳಬೇಕು. ತಾವಾಗಿ ಮಾತ್ರೆ ನುಂಗಬಾರದು.

ಹೆಣ್ಣುಮಕ್ಕಳು ದಾರಿಯಲ್ಲಿ ಅನುಕೂಲವಿಲ್ಲವೆಂದು ನೀರನ್ನೇ ಬಿಡುವುದುಂಟು. ಅದು ಅವರ ತಪ್ಪಲ್ಲ; ಬಸ್ಸು ನಿಲ್ಲಿಸಿರೆಂದು ಕೇಳಲು ಜೊತೆಯ ಗಂಡಸರು ಸಂಕೋಚಪಡಬಾರದು. ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಕೂತಲ್ಲೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು, ಇವೆರಡಕ್ಕೂ ಕಾಸು ಖರ್ಚಿಲ್ಲ.

ಒಂದೇ ಕಾಲು ಬಾತು, ಮೀನಖಂಡ ನೋಯುತ್ತ ಬಿಸಿಯೇರಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ; ಅದೇ ದಿನ ವೈದ್ಯರಲ್ಲಿಗೆ ಹೋಗಿ. ಪ್ರಯಾಣ ಮುಗಿದು ಕೆಲವು ವಾರಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. ಉಸಿರು ಹಿಡಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ.

ಊರು ಎಲ್ಲಿಗೂ ಹೋಗುವುದಿಲ್ಲ. ಬಾಣಂತಿಯೂ ಹಿರಿಯರೂ ನಾಲ್ಕು ದಿನ ತಡವಾಗಿಯಾದರೂ ಕ್ಷೇಮವಾಗಿ ಮುಟ್ಟಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.